ಮುನ್ನಿಬೀ ಹಿಡಿದ ಕೈ

ಬಳೆ ಮುನ್ನಿಬೀ ತೀರಿಕೊಂಡದ್ದು ಹೈದರಾಬಾದ್ ರಾಜ್ಯದಲ್ಲಿ. ಅವಳ ನಲವತ್ತನೆಯ ದಿನದ ಫಾತಿಹಾ ಬಂದದ್ದು ಮೈಸೂರು ರಾಜ್ಯದಲ್ಲಿ. ನಡುವೆ ಮನೆಯೇನೂ ಕದಲಲಿಲ್ಲ. ಬೀದರ ಶಹರದ ಹಳೆಯ ಓಣಿಯಲ್ಲಿ, ಬೇವಿನ ಮರದ ಎದುರಿಗೆ, ಅದು ಅಲ್ಲಿಯೇ ಇತ್ತು. ರಾಜ್ಯ ಬದಲಾಗುವ ಸುದ್ದಿಗೆ ಆ ಮನೆಯಲ್ಲಿ ತಲೆ ಕೆಡಿಸಿಕೊಂಡವನು ಮಗ ಶರಫೋದ್ದೀನ ಒಬ್ಬನೇ. ಅವನು ಕಚೇರಿಯೊಂದರಲ್ಲಿ ಜವಾನ. ಇನ್ನು ಕಾಗದಪತ್ರವೆಲ್ಲ ಕನ್ನಡದಲ್ಲಂತೆ, ಉರ್ದು ಮಾತ್ರ ಬಲ್ಲವರ ಗತಿ ಏನೋ ಎಂದು ಅವನು ಸಂಜೆ ಬಂದು ಮುಖ ಸಣ್ಣದು ಮಾಡಿ ಕೂತರೆ, ಮುನ್ನಿಬೀ ಬಳೆ ಜೋಡಿಸುತ್ತಲೇ, ಸಾಹೇಬರಿಗೆ ಚಹಾ ತಂದುಕೊಡುವವನಿಗೆ ಯಾವ ಅಕ್ಷರ ಬೇಕಪ್ಪಾ ಎನ್ನುತ್ತಿದ್ದಳು. ಅವನಿಗೆ ಸಿಟ್ಟು ಬರುತ್ತಿತ್ತು. ಸೊಸೆ ಶಾಕಿರಾ ಬೇಗಂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು.

ಆ ಮುನ್ನಿಬೀ ದಸರೆಯಾಗಿ ನಾಲ್ಕನೆಯ ದಿನ ಹೋದಳು. ಜ್ವರವೆಂದು ಮಲಗಿದವಳು ಏಳಲಿಲ್ಲ, ಅಷ್ಟೇ. ಹಕೀಮರು ಬಂದರು, ಕಷಾಯ ಕೊಟ್ಟರು, ಹೋದರು. ತೀರಿಹೋಗುವ ಮುನ್ನಾದಿನ ಮಧ್ಯಾಹ್ನ ಅವಳು ಶಾಕಿರಾಳನ್ನು ಹತ್ತಿರ ಕರೆದು ಒಂದೇ ಒಂದು ಕೆಲಸ ಹೇಳಿದಳು. ಚಿಂತಾಕಿಯ ಜಿಜಾಬಾಯಿಗೆ ನನ್ನ ಸುದ್ದಿಯನ್ನು ನೀನೇ ಹೋಗಿ ಹೇಳಬೇಕು. ಬಸ್ಸಿನವರ ಬಾಯಿಂದ, ಸಂತೆಯವರ ಬಾಯಿಂದ ಅವಳು ಕೇಳಬಾರದು. ಶಾಕಿರಾ ಹೂಂ ಎಂದಳು. ಮುನ್ನಿಬೀ ಅಷ್ಟಕ್ಕೆ ಸಮಾಧಾನಪಟ್ಟು ಆ ಕಡೆ ಹೊರಳಿ ಮಲಗಿದಳು.

ಶಾಕಿರಾ ಅಳಲಿಲ್ಲ. ಅಳಬಾರದು ಎಂದೇನೂ ಹಟ ತೊಟ್ಟಿರಲಿಲ್ಲ, ಅಳು ಬರಲಿಲ್ಲ. ಪಕ್ಕದ ಮನೆಯ ಕುಲಸುಮಬೀ ಎದೆ ಬಡಿದುಕೊಂಡು ಇಡೀ ಓಣಿಗೆ ಕೇಳುವಂತೆ ಅತ್ತಳು. ಬದುಕಿದ್ದಾಗ ಮುನ್ನಿಬೀ ಜೊತೆ ನೀರಿನ ನಲ್ಲಿಯ ಮೇಲೆ ವಾರಕ್ಕೊಮ್ಮೆ ಜಗಳ ಕಾಯುತ್ತಿದ್ದವಳು ಅವಳೇ. ಅಳುವುದರಲ್ಲಿಯೂ ಅವಳದೇ ಮೇಲುಗೈ ಆಯಿತು. ಅತ್ತುಬಿಡು ಮಗಳೇ, ಎದೆಯಲ್ಲಿ ಇಟ್ಟುಕೊಳ್ಳಬೇಡ ಎಂದು ಶಾಕಿರಾಳ ತೋಳು ಹಿಡಿದು ಅಲುಗಿಸಿದಳು. ಶಾಕಿರಾ ಅವಳ ಮುಖ ನೋಡಿದಳು, ನೀರು ಕಾದಿದೆಯೇ ನೋಡಿ ಬರುತ್ತೇನೆ ಎಂದು ಎದ್ದು ಹೋದಳು. ಇಂಥ ಕಲ್ಲು ಮನಸ್ಸಿನ ಹುಡುಗಿಯನ್ನು ನಾನು ಕಂಡಿಲ್ಲ ಎಂದು ಕುಲಸುಮಬೀ ನಾಲ್ಕು ಜನರಿಗೆ ಹೇಳಿದಳು.

ಮೈ ತೊಳೆಸುವಾಗ ಒಂದು ಸಂಗತಿ ನಡೆಯಿತು. ಅದನ್ನು ಶಾಕಿರಾ ಯಾರಿಗೂ ಹೇಳಲಿಲ್ಲ. ಅತ್ತೆಯ ಬಲಗೈಯನ್ನು ತೊಳೆಯಲೆಂದು ಹಿಡಿದವಳ ಬೆರಳು ಅಭ್ಯಾಸಬಲದಿಂದ ಹೆಬ್ಬೆರಳಿನ ಬುಡಕ್ಕೆ ಹೋಗಿ ಗೆಣ್ಣು ಒತ್ತಿತು. ಬಳೆ ಇಡುವವರು ಯಾರ ಕೈ ಹಿಡಿದರೂ ಮೊದಲು ಮಾಡುವುದು ಅದೇ. ಒತ್ತುತ್ತ ಒತ್ತುತ್ತ ಕೈ ಮೆತ್ತಗಾಗಬೇಕು, ಆಗ ಬಳೆ ಇಳಿಯುತ್ತದೆ. ಈ ಕೈ ಮೆತ್ತಗಾಗಲಿಲ್ಲ. ಶಾಕಿರಾ ಇನ್ನೊಮ್ಮೆ ಒತ್ತಿದಳು. ಆಮೇಲೆ ಆ ಕೈಯನ್ನು ಕೆಳಗಿಟ್ಟು ತೊಳೆದಳು. ಎದ್ದು ನಿಲ್ಲುವಾಗ ಹಲಗೆಗೆ ತಗುಲಿ ಅವಳ ಸ್ವಂತ ಬಲಗೈಯ ಬಳೆಗಳೆಲ್ಲ ಚೂರಾಗಿ ಉದುರಿ ಹೋಗಿದ್ದವು. ಅದು ಅವಳಿಗೆ ಗೊತ್ತಾದದ್ದು ಮೂರು ದಿನದ ಮೇಲೆ, ರೊಟ್ಟಿ ಬಡಿಯುವಾಗ ಸದ್ದು ಕಡಿಮೆ ಅನ್ನಿಸಿ.

ಮುನ್ನಿಬೀ ಎಂದರೆ ಯಾರು ಎಂದು ಕೇಳಿದರೆ ದೊಡ್ಡ ಮಾತು ಹೇಳುವುದಕ್ಕೇನೂ ಇಲ್ಲ. ಗಿಡ್ಡ ಹೆಂಗಸು. ಹೊಗೆಸೊಪ್ಪು ಹಾಕುತ್ತಿದ್ದಳು. ಬೆನ್ನ ಮೇಲೆ ಬಳೆಯ ಮಲಾರ, ದಾರಕ್ಕೆ ಪೋಣಿಸಿದ ಬಳೆಗಳ ಆ ದೊಡ್ಡ ಗಂಟು, ಹೊತ್ತು ಹೊರಟರೆ ದೂರದಿಂದ ಮಲಾರವೇ ನಡೆದು ಬರುತ್ತಿದೆಯೇನೋ ಅನ್ನಿಸುತ್ತಿತ್ತು. ಓದು ಬರಹ ಇಲ್ಲ. ಆದರೆ ಒಮ್ಮೆ ಹಿಡಿದ ಕೈಯ ಅಳತೆಯನ್ನು ಮರೆತವಳಲ್ಲ. ಹತ್ತು ವರ್ಷದ ಹಿಂದೆ ಗಂಡನ ಮನೆಗೆ ಹೋದ ಹುಡುಗಿ ತವರಿಗೆ ಬಂದು ಕೈ ಚಾಚಿದರೆ, ಮುಖ ನೋಡದೆ, ನೀನು ಕಾಶೀರಾಮನ ತಂಗಿ ಅಲ್ಲವೇನೇ ಎಂದುಬಿಡುತ್ತಿದ್ದಳು.

ಅವಳಿಗೆ ಒಂದು ಕಟ್ಟುನಿಟ್ಟು ಇತ್ತು. ಹೆಂಗಸಿನ ಕೈ ತನ್ನ ಕೈಯಲ್ಲಿ ಇರುವವರೆಗೆ, ಬಳೆ ಗೆಣ್ಣು ದಾಟುತ್ತಿರುವಾಗ, ಕೆಟ್ಟ ಮಾತು ಆಡಬಾರದು. ಸಾವು, ರೋಗ, ಸವತಿ, ಜಗಳ ಯಾವುದೂ ಬಾಯಲ್ಲಿ ಬರಬಾರದು. ಬಳೆ ಒಡೆದರೂ ಒಡೆಯಿತು ಅನ್ನಬಾರದು, ಹೆಚ್ಚಿತು ಅನ್ನಬೇಕು. ಆ ಹೊತ್ತಿನಲ್ಲಿ ಆಡಿದ ಮಾತು ಬಳೆಯ ಜೊತೆಗೆ ಅವಳ ಕೈಗೆ ಹೋಗುತ್ತದೆ ಎಂದು ನಂಬಿದ್ದಳು. ಸೊಸೆಗೂ ಮೊದಲ ದಿನ ಕಲಿಸಿದ್ದು ಇದನ್ನೇ, ಕೈ ಒತ್ತುವುದನ್ನಲ್ಲ.

ಅವಳ ಕೈ ಮಾತ್ರ ಬರಿದು. ಎಂಟು ವರ್ಷದ ಹಿಂದೆ, ನಿಜಾಮರ ಆಳ್ವಿಕೆ ಮುಗಿದ ಗಡಬಡಿಯ ದಿನಗಳಲ್ಲಿ, ಗಂಡ ಸಲಾವೋದ್ದೀನ ಇದೇ ಮಲಾರ ಹೊತ್ತು ಸಂತೆಗೆ ಹೋದವನು ತಿರುಗಿ ಬರಲಿಲ್ಲ. ಹೆಣವೂ ಸಿಗಲಿಲ್ಲ. ಒಂದು ವರ್ಷ ಅವಳು ಬಳೆ ತೆಗೆಯದೆ ಕಾದಳು. ವರ್ಷ ತುಂಬಿದ ದಿನ ಕೈಗೆ ಸಾಬೂನು ಹಚ್ಚಿಕೊಂಡು ಒಂದೊಂದಾಗಿ ಇಳಿಸಿ ಡಬ್ಬಿಯಲ್ಲಿಟ್ಟಳು. ಎಲ್ಲರಂತೆ ಕಲ್ಲಿಗೆ ಬಡಿದು ಒಡೆಯಲು ಅವಳ ಕೈಗೆ ಆಗಲಿಲ್ಲ. ಆಮೇಲೆ ಮಲಾರ ಹೊತ್ತು ಮೊದಲು ಹೋದದ್ದು ಔರಾದ ತಾಲೂಕಿನ ಚಿಂತಾಕಿಗೆ. ಅಲ್ಲಿ ಹೆಂಗಸರು ಸುತ್ತ ಕೂತರು, ಬಣ್ಣ ನೋಡಿದರು, ಚೆನ್ನಾಗಿವೆ ಎಂದರು, ಕೈ ಮಾತ್ರ ಯಾರೂ ಚಾಚಲಿಲ್ಲ. ಬರಿಗೈಯವಳಿಂದ ಹೇಗೆ ಬಳೆ ಇಡಿಸಿಕೊಳ್ಳುವುದು! ಆಗ ಜಿಜಾಬಾಯಿ ಎಂಬ ಒಕ್ಕಲಗಿತ್ತಿ, ಸಗಣಿ ಸಾರಿಸುತ್ತಿದ್ದವಳು ಕೈ ತೊಳೆದುಕೊಂಡು ಬಂದು, ಎಲ್ಲರನ್ನೂ ಸರಿಸಿ ಮುಂದೆ ಕೂತು ಎರಡೂ ಕೈ ಒಡ್ಡಿದಳು. ಅವಳ ಹಿಂದೆ ಊರೇ ಕೂತಿತು.

ಅಂದಿನಿಂದ ಚಿಂತಾಕಿಯಲ್ಲಿ ಮೊದಲ ಕೈ ಜಿಜಾಬಾಯಿಯದು. ವಾತದಿಂದ ಆ ಕೈಯ ಗೆಣ್ಣುಗಳು ವರ್ಷ ವರ್ಷಕ್ಕೆ ಉಬ್ಬಿದವು. ಕಳೆದೆರಡು ವರ್ಷ ಜೊತೆಗೆ ಹೋದ ಶಾಕಿರಾ, ನಾನು ಇಡಲೇ ಅಮ್ಮಾ, ನಿಮಗೆ ದಣಿವು ಎಂದರೆ ಮುನ್ನಿಬೀ ಕೊಡಲಿಲ್ಲ. ಊರೆಲ್ಲ ನಿನ್ನದು, ಈ ಕೈ ಮಾತ್ರ ನಾನು ಇರುವವರೆಗೆ ನನ್ನದು ಎಂದು ಜಿಜಾಬಾಯಿಯ ಎದುರಿಗೇ ಹೇಳಿದ್ದಳು. ಇಬ್ಬರು ಮುದುಕಿಯರೂ ನಕ್ಕಿದ್ದರು.

ಶಾಕಿರಾ ಮದುವೆಯಾಗಿ ಬಂದಾಗ ಹದಿನಾರು. ಆರು ವರ್ಷವಾದರೂ ಮಕ್ಕಳಾಗಲಿಲ್ಲ. ಅದರ ಬಗ್ಗೆ ಮುನ್ನಿಬೀ ಒಂದು ಮಾತು ಆಡಲಿಲ್ಲ, ಆಡಿದವರನ್ನು ಸುಮ್ಮನೆ ಬಿಡಲೂ ಇಲ್ಲ. ಕೆಲಸ ಕಲಿಸುವಾಗ ಬಾಗಿಲು ಹಾಕಿ ತನ್ನ ಬರಿಗೈಯನ್ನೇ ಒಡ್ಡುತ್ತಿದ್ದಳು. ಶಾಕಿರಾ ಬಳೆ ಏರಿಸಬೇಕು, ಏರಿಸಿದ ಕೂಡಲೇ ಇಳಿಸಬೇಕು. ಹೀಗೆ ಆ ವಿಧವೆಯ ಕೈಗೆ ಸಾವಿರ ಸಲ ಬಳೆ ಏರಿ ಇಳಿದಿರಬೇಕು. ಒಮ್ಮೆ ಮಾತ್ರ ನಾಲ್ಕು ಕೆಂಪು ಬಳೆ ಏರಿದ ಮೇಲೆ, ಇರಲಿ, ಚಹಾ ಮಾಡು ಎಂದಳು. ಚಹಾ ಕುಡಿದು ಬಟ್ಟಲು ಕೆಳಗಿಟ್ಟ ಮೇಲೆ ಕೈ ಚಾಚಿ, ಈಗ ತೆಗಿ ಎಂದಳು.

ದೀಪಾವಳಿಗೆ ಬರುತ್ತೇನೆ ಎಂದು ಮುನ್ನಿಬೀ ಮೂರು ಊರಿಗೆ ಮಾತು ಕೊಟ್ಟಿದ್ದಳು. ಅದಕ್ಕೆಂದೇ ಹೈದರಾಬಾದಿನಿಂದ ತರಿಸಿದ ಬಳೆ ಮೂಲೆಯಲ್ಲಿ ಕಟ್ಟು ಬಿಚ್ಚದೆ ಬಿದ್ದಿತ್ತು. ಅತ್ತೆ ಹೋಗಿ ಎಂಟು ದಿನವಾಗಿರಲಿಲ್ಲ, ಶಾಕಿರಾ ಕಟ್ಟು ಬಿಚ್ಚಿ ಮಲಾರ ಪೋಣಿಸಲು ಕೂತಳು. ಈಗಲೇ ಯಾಕೆ ಎಂದು ಶರಫೋದ್ದೀನ ಕೇಳಿದ. ಹಬ್ಬ ನಿಲ್ಲುತ್ತದೆಯೇ ಎಂದಳು. ಅವನು ಅಕ್ಷರ ಕಲಿಯಲೆಂದು ಸಾಲೆಮಕ್ಕಳ ಕನ್ನಡ ಪುಸ್ತಕ ತೆರೆದು ಕೂತಿದ್ದ. ಮತ್ತೆ ಅದರಲ್ಲಿ ತಲೆ ಹುದುಗಿಸಿದ.

ಮೊದಲು ಮನ್ನಳ್ಳಿ. ಅಲ್ಲಿ ಅಂಜನಾಬಾಯಿಯ ಅಂಗಳದಲ್ಲಿ ಮಲಾರ ಇಳಿಸಿದಳು. ಸುದ್ದಿ ಅಲ್ಲಿಗಿನ್ನೂ ಮುಟ್ಟಿರಲಿಲ್ಲ. ಅಂಜನಾಬಾಯಿ ಅವಸರದ ಹೆಂಗಸು. ಒಲೆಯ ಮೇಲೆ ಬೇಳೆ ಬಿಟ್ಟು ಬಂದವಳು ಕೂತಳೋ ಇಲ್ಲವೋ, ಕೈ ಚಾಚಿದಳು. ಶಾಕಿರಾ ಗೆಣ್ಣು ಒತ್ತಿ ಮೊದಲ ಬಳೆಯನ್ನು ಹೆಬ್ಬೆರಳ ಬುಡಕ್ಕೆ ತಂದಾಗ ಅವಳು ಕೇಳಿದಳು:

"ಮುನ್ನಿಬೀ ಎಲ್ಲಿ? ಯಾಕ ಬಂದಿಲ್ಲ ಅಕಿ?"

ಬಳೆ ಗೆಣ್ಣಿನ ಮೇಲಿತ್ತು. ಶಾಕಿರಾಳ ನಾಲಿಗೆ ಆ ಮಾತಿಗೆ ಹೊರಳಲಿಲ್ಲ.

"ಮನ್ಯಾಗ ಇದಾಳ್ರಿ," ಎಂದಳು. "ಮೊಣಕಾಲ ನೋವದ್ರಿ."

ಬಳೆ ಇಳಿಯಿತು. ಎಲ್ಲ ಬಳೆ ಇಳಿದ ಮೇಲೆ ನಿಜ ಹೇಳಬಹುದಿತ್ತು. ಆದರೆ ಅಷ್ಟರಲ್ಲಿ ಇನ್ನೊಬ್ಬಳ ಕೈ ಅವಳ ಮಡಿಲಲ್ಲಿತ್ತು, ಅವಳ ಹಿಂದೆ ಮತ್ತೊಬ್ಬಳದು. ಹೊರಡುವಾಗ ಅಂಜನಾಬಾಯಿ ಎಳ್ಳಿನ ಹಿಂಡಿ, ಆ ಖಾರದ ಚಟ್ನಿಪುಡಿ, ಪುಡಿಕೆ ಕಟ್ಟಿ ತಂದಳು.

"ಮುನ್ನಿಬೀಗಿ ಕೊಡು. ಅಕಿಗಿ ರೊಟ್ಟಿ ಸಂಗಟ ಇದು ಭಾಳ ಸೇರ್ತದ. ಮೊಣಕಾಲ ಜ್ವಾಪಾನ ಅಂತ ಹೇಳು."

"ಹೇಳ್ತೇನ್ರಿ," ಎಂದಳು ಶಾಕಿರಾ. ದಾರಿಯುದ್ದಕ್ಕೂ ತಾನು ಮಾಡಿದ್ದೇನು ಎಂದು ಯೋಚಿಸಲು ನೋಡಿದಳು. ಯೋಚನೆ ಮುಂದಕ್ಕೆ ಹೋಗಲಿಲ್ಲ. ಬಿಸಿಲಿತ್ತು, ಮಲಾರ ಹಗುರವಾಗಿತ್ತು, ಅಷ್ಟು ಮಾತ್ರ ತಿಳಿಯುತ್ತಿತ್ತು.

ಭಾಲ್ಕಿಗೆ ರೈಲಿನಲ್ಲಿ ಹೋಗುವಾಗ, ಈ ಸಲ ಹೊಸ್ತಿಲಲ್ಲಿಯೇ ಹೇಳಿಬಿಡಬೇಕು, ಮಲಾರ ಇಳಿಸುವ ಮೊದಲೇ ಎಂದು ಗಟ್ಟಿ ಮಾಡಿಕೊಂಡಳು. ಡಬ್ಬಿಯಲ್ಲಿ ಗಂಡಸರು ಮೈಸೂರಿನ ಮಾತೇ ಆಡುತ್ತಿದ್ದರು. ಮೈಸೂರು ಯಾವ ದಿಕ್ಕಿಗೆ ಎಂದು ಒಬ್ಬ, ಅಲ್ಲಿ ಜೋಳದ ರೊಟ್ಟಿ ಸಿಗುತ್ತದೆಯೇ ಎಂದು ಇನ್ನೊಬ್ಬ. ಭಾಲ್ಕಿಯಲ್ಲಿ ಗಿರಿಜಾಬಾಯಿಯ ಮನೆ ಮುಟ್ಟಿದರೆ ಬಾಗಿಲಿಗೆ ತೋರಣ! ಚೊಚ್ಚಲ ಬಸುರಿ ಮಗಳಿಗೆ ಅಂದೇ ಕುಬಸದ ಶಾಸ್ತ್ರ. ಅಂಗಳ ತುಂಬ ಹೆಂಗಸರು, ನಡುವೆ ಮಣೆಯ ಮೇಲೆ ಹಸಿರು ಸೀರೆಯುಟ್ಟ ಹುಡುಗಿ ಹಸಿರು ಬಳೆಗೆ ಕಾಯುತ್ತಿದ್ದಾಳೆ. ಅಂಥ ಹೊಸ್ತಿಲಲ್ಲಿ ನಿಂತು ಸಾವಿನ ಸುದ್ದಿ ಹೇಳುವ ಬಾಯಿ ಯಾವ ಬಳೆಗಾತಿಗೂ ಇಲ್ಲ. ಶಾಕಿರಾ ಮಲಾರ ಇಳಿಸಿದಳು.

"ಛಲೋ ಹೊತ್ತಿಗಿ ಬಂದಿ ನೋಡು," ಎಂದಳು ಗಿರಿಜಾಬಾಯಿ. "ಮುನ್ನಿಬೀ ಹ್ಯಾಂಗದಾಳ?"

"ಮೊಣಕಾಲ ನೋವದ್ರಿ."

ಮೊಣಕಾಲು ಎಂದದ್ದೇ ತಡ, ಹುಡುಗಿಯ ಸೋದರತ್ತೆ ರುಕ್ಮಿಣಿಬಾಯಿ ಒಳಗೆ ಹೋಗಿ ಕರ್ಪೂರ ಹಾಕಿ ಕಾಸಿದ ಎಣ್ಣೆಯ ಬಾಟಲಿ ತಂದಳು. ಎರಡು ಹೊತ್ತು ತಿಕ್ಕಬೇಕು, ಗಾಳಿಗೆ ಕೂಡಬಾರದು ಎಂದು ಎರಡೆರಡು ಸಲ ಹೇಳಿದಳು. ಗಿರಿಜಾಬಾಯಿ ಬೆಲ್ಲದ ಮುದ್ದೆಯನ್ನು ಮಲಾರದ ಪಕ್ಕದಲ್ಲಿಟ್ಟು, "ಕೂಸು ಹುಟ್ಟಿದ ಮ್ಯಾಲ ಕರಿಬಳಿ ಇಡಾಕ ಮಾತ್ರ ಮುನ್ನಿಬೀನೇ ಬರಬೇಕು. ನಮ್ಮ ಮನಿ ಕೂಸುಗೋಳಿಗಿ ಎಲ್ಲಾ ಅಕೀದೇ ಕೈ. ಕಳಸ್ತಿ ಇಲ್ಲ?" ಎಂದಳು.

"ಹೂಂನ್ರಿ," ಎಂದಳು ಶಾಕಿರಾ.

ಹಿಂಡಿ, ಎಣ್ಣೆ, ಬೆಲ್ಲ ಎಲ್ಲವನ್ನೂ ತಂದು ಮುನ್ನಿಬೀಯ ಗೂಡಿನಲ್ಲಿ, ಅವಳ ಹೊಗೆಸೊಪ್ಪಿನ ಡಬ್ಬಿಯ ಪಕ್ಕಕ್ಕೆ ಸಾಲಾಗಿ ಇಟ್ಟಳು. ಶರಫೋದ್ದೀನ ಇದೇನು ಎಂದು ಕೇಳಿದ. ಅಮ್ಮನಿಗೆ ಕಳಿಸಿದ್ದಾರೆ ಎಂದಳು. ಅವನು ಹೆಂಡತಿಯನ್ನು ನೋಡಿದ, ಗೂಡನ್ನು ನೋಡಿದ. ಹೊರಗೆ ಹೋಗಿ ಬೇವಿನ ಕಟ್ಟೆಯ ಮೇಲೆ ಕೂತ. ಅವನಿಗಾದರೂ ಅಳು ಬರುತ್ತಿತ್ತು.

ಇನ್ನು ಉಳಿದದ್ದು ಚಿಂತಾಕಿ. ಅಲ್ಲಿ ಮೊಣಕಾಲು ನಡೆಯುವಂತಿರಲಿಲ್ಲ. ಅಲ್ಲಿಯೂ ಸುಳ್ಳು ಹೇಳಿ ಬಂದರೆ ನಾಲ್ಕು ದಿನದಲ್ಲಿ ಯಾವನೋ ಸಂತೆಯವನ ಬಾಯಿಂದ ಜಿಜಾಬಾಯಿಗೆ ತಿಳಿಯುತ್ತದೆ. ಅತ್ತೆ ಜೀವಮಾನದಲ್ಲಿ ಕೇಳಿದ ಒಂದೇ ಕೆಲಸ ಹಾಳಾಗುತ್ತದೆ. ಹಬ್ಬದ ಮುನ್ನಾದಿನ, ನವೆಂಬರ್ ಒಂದನೆಯ ತಾರೀಖು, ಶಾಕಿರಾ ಔರಾದ ಬಸ್ಸು ಹತ್ತಿದಳು. ನಿನ್ನೆ ಹೈದರಾಬಾದ, ಇವತ್ತು ಮೈಸೂರ, ಧೂಳ ಮಾತ್ರ ಅದೇ ಎಂದು ಕಂಡಕ್ಟರ್ ನಗೆಯಾಡುತ್ತಿದ್ದ. ಶಾಕಿರಾ ಕಿಟಕಿಯ ಕಡೆ ಮುಖ ಮಾಡಿ ಬಾಯಿಯೊಳಗೇ ಹೇಳಿಕೊಂಡಳು: ಬಾಯಿ, ಅಮ್ಮ ತೀರಿಕೊಂಡ್ಳರಿ. ಮೂರೇ ಮಾತು. ಇಳಿಯುವ ಹೊತ್ತಿಗೆ ನೂರು ಸಲ ಹೇಳಿಕೊಂಡಿರಬೇಕು. ಹೇಳಿಕೊಂಡಷ್ಟೂ ಅದು ಇನ್ನಾರದೋ ಮನೆಯ ಸುದ್ದಿಯಂತೆ ಕೇಳುತ್ತಿತ್ತು.

ಚಿಂತಾಕಿಯ ಸಾಲೆಯ ಮಕ್ಕಳು ಬಾವುಟ ಹಿಡಿದು ಊರು ಸುತ್ತುತ್ತಿದ್ದರು. ಮಾಸ್ತರರು ಬೂಂದಿ ಹಂಚುತ್ತಿದ್ದರು. ಜಿಜಾಬಾಯಿ ತನ್ನ ಮನೆಯ ಕಟ್ಟೆಯ ಮೇಲೆ ಕೂತಿದ್ದವಳು ದಾರಿಯ ತಿರುವಿನಲ್ಲಿ ಮಲಾರ ಕಂಡು ಎದ್ದಳು. ಮಲಾರದ ಹಿಂದೆ ಯಾರೂ ಬರಲಿಲ್ಲ. ಅವಳು ಮತ್ತೆ ಕೂತಳು.

ಶಾಕಿರಾ ಮಲಾರ ಇಳಿಸಲಿಲ್ಲ. ಬೆನ್ನ ಮೇಲಿಟ್ಟುಕೊಂಡೇ ನಿಂತು, "ಬಾಯಿ, ನಿಮಗೊಂದು ಮಾತು ಹೇಳೋದದ್ರಿ," ಎಂದಳು.

"ಹೇಳುವಂತಿ. ಕೂಡು ಮೊದಲ. ಬಿಸಲಾಗ ಬಂದಿ, ನೀರ ಕುಡಿ."

ನೀರು ಕುಡಿದಳು. ಬೇರೆ ಊರಿನಲ್ಲಿ ತಾನು ಬಂದ ಕೂಡಲೇ ಎಲ್ಲರೂ ಮುನ್ನಿಬೀಯನ್ನು ಕೇಳಿದ್ದರು. ಜಿಜಾಬಾಯಿ ಕೇಳಲಿಲ್ಲ. ತಾನೇ ಮಲಾರವನ್ನು ಅವಳ ಬೆನ್ನಿನಿಂದ ಇಳಿಸಿಕೊಂಡಳು. ಗಂಟು ಗಂಟಾದ ಬಲಗೈಯನ್ನು ಶಾಕಿರಾಳ ಮಡಿಲಲ್ಲಿ ಇಟ್ಟಳು.

"ಇಡು."

"ಬಾಯಿ, ಮೊದಲ ನನ್ನ ಮಾತು..."

"ಇಡು ಅಂದೆನಲ್ಲ. ಕೈಗಿ ಬಳಿ ಏರೋತನಕ ಆ ಮಾತ ಆಡಬ್ಯಾಡ. ಮುನ್ನಿಬೀ ಕಲಿಸಿಲ್ಲೇನು ನಿನಗ?"

ಶಾಕಿರಾ ಅವಳ ಮುಖ ನೋಡಿದಳು. ಆ ಮುಖದಲ್ಲಿ ಕೇಳಬೇಕಾದದ್ದು ಏನೂ ಉಳಿದಿರಲಿಲ್ಲ. ತನ್ನ ಕೈಯನ್ನು ಹಿಡಿಯಲು ಮುನ್ನಿಬೀಯ ಬದಲು ಬೇರೆಯವರು ಬಂದಿದ್ದಾರೆ ಎಂದರೆ ಏನರ್ಥ ಎಂದು ಅವಳಿಗೆ ತಿರುವಿನಲ್ಲಿಯೇ ತಿಳಿದಿತ್ತು. ಅವಳು ಕೇಳುತ್ತಿದ್ದದ್ದು ಸ್ವಲ್ಪ ಹೊತ್ತು ಮಾತ್ರ. ಆರು ಬಳೆ ಏರುವಷ್ಟು ಹೊತ್ತು.

ಶಾಕಿರಾ ಮೊದಲ ಸಲ ಆ ಕೈ ಹಿಡಿದಳು. ಹೆಬ್ಬೆರಳ ಬುಡ ಒತ್ತಿದಳು, ಕಿರುಬೆರಳನ್ನು ಒಳಗೆ ಮಡಿಸಿದಳು, ಉಬ್ಬಿದ ಗೆಣ್ಣಿನ ಸುತ್ತ ಬೆರಳಾಡಿಸಿದಳು. ಕೈ ನಿಧಾನಕ್ಕೆ ಮೆತ್ತಗಾಯಿತು. ಒಂದು ಬಳೆ ಏರಿತು. ಎರಡನೆಯದು. ಅವಸರ ಮಾಡಬೇಡ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಇಷ್ಟು ನಿಧಾನವಾಗಿ ಶಾಕಿರಾ ಯಾರಿಗೂ ಬಳೆ ಇಟ್ಟಿರಲಿಲ್ಲ. ಬೀದಿಯಲ್ಲಿ ಮಕ್ಕಳ ಘೋಷಣೆ ಹತ್ತಿರ ಬಂದು ದೂರ ಹೋಯಿತು. ಆರನೆಯದನ್ನು ಗೆಣ್ಣಿನ ಮೇಲೆ ತಂದು ಶಾಕಿರಾ ತುಸು ನಿಲ್ಲಿಸಿದಳು. ಜಿಜಾಬಾಯಿ ಕಣ್ಣು ಮುಚ್ಚಿದಳು. ಬಳೆ ಇಳಿಯಿತು.

"ಈಗ ಹೇಳು," ಎಂದಳು.

"ಅಮ್ಮ ತೀರಿಕೊಂಡ್ಳರಿ, ಬಾಯಿ. ದಸರಾ ಆಗಿ ನಾಕನೇ ದಿನ."

ಜಿಜಾಬಾಯಿ ತಲೆಯಾಡಿಸಿದಳು. ಅವಳ ಕಣ್ಣಿಂದ ನೀರು ಇಳಿಯಿತು, ಸದ್ದಿಲ್ಲ. ಶಾಕಿರಾ ಆ ನೀರನ್ನು ನೋಡುತ್ತ ಕೂತಳು. ನೋಡುತ್ತ, ಮನ್ನಳ್ಳಿಯ ಹಿಂಡಿ, ಭಾಲ್ಕಿಯ ಎಣ್ಣೆ, ಬೆಲ್ಲ, ಹುಟ್ಟಲಿರುವ ಕೂಸಿನ ಕರಿಬಳೆ ಎಲ್ಲವನ್ನೂ ಹೇಳಿಬಿಟ್ಟಳು, ಪಾಠ ಒಪ್ಪಿಸಿದ ಹಾಗೆ.

"ಆ ಬೆಲ್ಲ, ಹಿಂಡಿ ನಲವತ್ತರ ಅಡಗಿಗಿ ಹಾಕು," ಎಂದಳು ಜಿಜಾಬಾಯಿ ಮೂಗು ಒರೆಸಿಕೊಂಡು. "ಅಕಿಗಂತ ಕೊಟ್ಟಿದ್ದು ಅಕಿಗೇ ಮುಟ್ಟಲಿ. ನಾನೂ ಬರ್ತೇನಿ. ಅವರಿಗೆಲ್ಲ ಹೇಳಾಕ ಸಂಗಟ ಹೋಗೋಣು. ನೀ ಒಬ್ಬಾಕಿನೇ ಯಾಕ ಹೊತ್ತೀ?"

ಆಗ ಅವಳ ಕಣ್ಣು ಶಾಕಿರಾಳ ಬಲಗೈ ಮೇಲೆ ಬಿತ್ತು.

"ಇದೇನ ಬರಿಗೈ? ಗಂಡ ಗಟ್ಟಿ ಇದಾನ, ನಾಳಿ ಹಬ್ಬ."

"ಅವತ್ತ ಹೆಚ್ಚಿದವ್ರಿ. ಆಗ ನನಗ ಗೊತ್ತೇ ಆಗಲಿಲ್ಲ."

ಬಳೆ ಇಡುವವಳು ತನ್ನ ಬಲಗೈಗೆ ತಾನೇ ಬಿಗಿಯಾದ ಬಳೆ ಇಟ್ಟುಕೊಳ್ಳಲಾರಳು. ಆರು ವರ್ಷ ಆ ಕೈಗೆ ಇಟ್ಟವಳು ಮುನ್ನಿಬೀ. ಅದು ಜಿಜಾಬಾಯಿಗೂ ಗೊತ್ತಿತ್ತು. ಅವಳು ಮಲಾರದಿಂದ ಕೆಂಪು ಬಳೆ ತೆಗೆದುಕೊಂಡು ಶಾಕಿರಾಳ ಕೈಯನ್ನು ತನ್ನ ಮೊಣಕಾಲ ಮೇಲೆ ಎಳೆದುಕೊಂಡಳು. ಹುಟ್ಟಿದಾಗಿನಿಂದ ಒಬ್ಬರಿಗೂ ಬಳೆ ಇಟ್ಟವಳಲ್ಲ. ಎಲ್ಲಿ ಒತ್ತಬೇಕು ಗೊತ್ತಿಲ್ಲ, ಬೆರಳು ಬಾಗುವುದಿಲ್ಲ. ಸುಮ್ಮನೆ ಬಳೆ ಹಿಡಿದು ನೂಕಿದಳು. ಅದು ಗೆಣ್ಣಿಗೆ ಸಿಕ್ಕಿಕೊಂಡಿತು. ಇನ್ನಷ್ಟು ಜೋರಾಗಿ ನೂಕಿದಳು. ಬಳೆ ಚಟ್ಟೆಂದು ಎರಡಾಗಿ, ಚೂರು ಶಾಕಿರಾಳ ಹೆಬ್ಬೆರಳ ಬುಡಕ್ಕೆ ಚುಚ್ಚಿ ಒಂದು ಹನಿ ರಕ್ತ ಬಂತು.

"ಅಯ್ಯ, ನೋಯ್ತೇನ?" ಎಂದಳು ಜಿಜಾಬಾಯಿ ಗಾಬರಿಯಾಗಿ.

ಶಾಕಿರಾ ಆ ಹನಿಯನ್ನು ನೋಡಿದಳು. ಹದಿನಾಲ್ಕು ದಿನದಿಂದ ಎಲ್ಲಿತ್ತೋ, ಅಳು ಅವಳ ಮೈಯನ್ನೆಲ್ಲ ಹಿಡಿದು ಅಲುಗಿಸಿತು. ಜಿಜಾಬಾಯಿ ಕೈ ಬಿಡಲಿಲ್ಲ.

"ನೋಯ್ತದ್ರಿ, ಬಾಯಿ," ಎಂದಳು ಬಿಕ್ಕುತ್ತ. "ಅಮ್ಮ ಇಟ್ಟರ ನೋಯ್ತಿದ್ದಿಲ್ಲರಿ."